ಒಣಗುವ ಕಣ್ಣಿಗೆ ಯಾವ ಚಿಕಿತ್ಸೆ? ಹನಿ, ಶಾಖ, ಔಷಧ, ಪ್ಲಗ್: ಒಂದು ಹೋಲಿಕೆ

ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದು, ಉರಿಯುವುದು, ಹೊತ್ತು ಇಳಿಯುತ್ತಿದ್ದಂತೆ ರೆಪ್ಪೆ ಭಾರವಾಗುವುದು, ಓದುತ್ತಾ ಕುಳಿತರೆ ಅಕ್ಷರಗಳು ಮಸುಕಾಗಿ ಎರಡು ಸಲ ರೆಪ್ಪೆ ಬಡಿದೊಡನೆ ಮತ್ತೆ ತಿಳಿಯಾಗುವುದು: ಕಣ್ಣು ಒಣಗುವ ತೊಂದರೆಯ ಲಕ್ಷಣಗಳು ಇವು. ಇಷ್ಟಾದಾಗ ಹೆಚ್ಚಿನವರು ಮಾಡುವ ಕೆಲಸ ಒಂದೇ. ಔಷಧದ ಅಂಗಡಿಗೆ ಹೋಗಿ ‘ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ’ ಎನ್ನುತ್ತಾರೆ. ಕೊಟ್ಟದ್ದನ್ನು ವಾರ ಹಾಕಿ ನೋಡುತ್ತಾರೆ, ಹಿಡಿಸದಿದ್ದರೆ ಇನ್ನೊಂದು ತರುತ್ತಾರೆ, ಅದೂ ಆಗದಿದ್ದರೆ ಮತ್ತೊಂದು. ಬಾಟಲಿ ಬದಲಾಗುತ್ತಾ ಹೋಗುತ್ತದೆ, ಕಣ್ಣು ಮಾತ್ರ ಇದ್ದ ಹಾಗೆಯೇ ಇರುತ್ತದೆ.

ಈ ತೊಂದರೆಗೆ ಇಂದು ಆಯ್ಕೆಗಳಿಗೆ ಬರವಿಲ್ಲ. ಬರ ಇರುವುದು ಎರಡು ಪ್ರಶ್ನೆಗಳಿಗೆ. ಕಣ್ಣೀರಿನ ಯಾವ ಭಾಗ ಕೈಕೊಟ್ಟಿದೆ? ಆರಿಸಿಕೊಂಡ ಚಿಕಿತ್ಸೆ ಫಲ ಕೊಡಲು ಎಷ್ಟು ಸಮಯ ಕೇಳುತ್ತದೆ? ಮೊದಲನೆಯದನ್ನು ಕೇಳದವರು ತಪ್ಪು ಚಿಕಿತ್ಸೆ ಹಿಡಿಯುತ್ತಾರೆ. ಎರಡನೆಯದನ್ನು ಕೇಳದವರು ಸರಿಯಾದ ಚಿಕಿತ್ಸೆಯನ್ನೇ ಅರ್ಧದಲ್ಲಿ ಬಿಡುತ್ತಾರೆ.

ನೀರಿನ ಕೊರತೆಯೋ, ಎಣ್ಣೆಯ ಕೊರತೆಯೋ

ಕಣ್ಣೀರು ಬರಿಯ ಉಪ್ಪುನೀರಲ್ಲ. ಕಣ್ಣಿನ ಮೇಲ್ಮೈಗೆ ಅಂಟಿಕೊಂಡಿರುವ ಲೋಳೆ, ಅದರೊಂದಿಗೆ ಬೆರೆತ ನೀರು, ಎಲ್ಲಕ್ಕಿಂತ ಮೇಲೆ ಅತಿ ತೆಳುವಾದ ಎಣ್ಣೆಯ ಪದರ, ಈ ಮೂರೂ ಸೇರಿದರೆ ಕಣ್ಣೀರು. ನೀರು ಬರುವುದು ಹುಬ್ಬಿನ ಹೊರತುದಿಯ ಕೆಳಗಿರುವ ಕಣ್ಣೀರಿನ ಗ್ರಂಥಿಯಿಂದ. ಎಣ್ಣೆ ಬರುವುದು ರೆಪ್ಪೆಯ ಅಂಚಿನ ಮೈಬೋಮಿಯನ್ ಗ್ರಂಥಿಗಳಿಂದ. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲೇ ಇವುಗಳನ್ನು ವಿವರಿಸಿದ್ದ. ಮೇಲ್ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30 ಗ್ರಂಥಿಗಳಿರುತ್ತವೆ. ಪ್ರತಿ ಸಲ ರೆಪ್ಪೆ ಪೂರ್ತಿಯಾಗಿ ಮುಚ್ಚಿದಾಗ ಇವು ಹಿಂಡಿದಂತಾಗಿ ಚೂರು ಎಣ್ಣೆ ಹೊರಬರುತ್ತದೆ, ರೆಪ್ಪೆ ತೆರೆಯುವಾಗ ಕಣ್ಣಿನ ಮೇಲೆಲ್ಲ ಹರಡಿಕೊಳ್ಳುತ್ತದೆ. ಈ ಎಣ್ಣೆ ಇಲ್ಲದಿದ್ದರೆ ಕೆಳಗಿನ ನೀರು ಬೇಗ ಆವಿಯಾಗುತ್ತದೆ.

ಹಾಗಾಗಿ ಕಣ್ಣು ಒಣಗುವುದಕ್ಕೆ ಎರಡು ದೊಡ್ಡ ದಾರಿಗಳಿವೆ. ಗ್ರಂಥಿ ಸಾಕಷ್ಟು ನೀರು ಸುರಿಸದಿರುವುದು ಒಂದು. ಸುರಿದ ನೀರು ನಿಲ್ಲದೆ ಆವಿಯಾಗುವುದು ಇನ್ನೊಂದು. ಎರಡನೆಯದೇ ಹೆಚ್ಚು ಸಾಮಾನ್ಯ, ಎರಡೂ ಒಟ್ಟಿಗೆ ಇರುವವರೂ ಬಹಳ. ಯಾವ ದಾರಿಯಿಂದ ಬಂದರೂ ಮುಂದಿನ ಕಥೆ ಒಂದೇ: ಉಳಿದ ಕಣ್ಣೀರಿನಲ್ಲಿ ಉಪ್ಪಿನಂಶ ಏರುತ್ತದೆ, ಮೇಲ್ಮೈ ಕೋಶಗಳು ಕೆರಳಿ ಉರಿಯೂತ ಶುರುವಾಗುತ್ತದೆ, ಲೋಳೆ ಸುರಿಸುವ ಕೋಶಗಳು ನಶಿಸುತ್ತವೆ, ಕಣ್ಣೀರಿನ ಪದರ ಇನ್ನಷ್ಟು ಬೇಗ ಒಡೆಯುತ್ತದೆ. ಈ ಸುತ್ತು ತಾನೇ ತಿರುಗುತ್ತಾ ಹೋಗುವುದರಿಂದ, ಹಳೆಯದಾದ ತೊಂದರೆ ಬರಿಯ ನೀರು ಹಾಕಿದ ಮಾತ್ರಕ್ಕೆ ನಿಲ್ಲುವುದಿಲ್ಲ.

‘ನನ್ನ ಕಣ್ಣಲ್ಲಿ ಸದಾ ನೀರು ಸುರಿಯುತ್ತದೆ, ಒಣಗಿದೆ ಎನ್ನುತ್ತೀರಲ್ಲ’ ಎಂದು ಜಗಳಕ್ಕೆ ಬರುವವರಿದ್ದಾರೆ. ಮೇಲ್ಮೈ ಒಣಗಿ ಕೆರಳಿದಾಗ ನರಗಳು ಕೂಗುತ್ತವೆ, ಗ್ರಂಥಿ ಗಾಬರಿಯಿಂದ ಒಮ್ಮೆಲೇ ನೀರು ಸುರಿಸುತ್ತದೆ. ಅದರಲ್ಲಿ ಎಣ್ಣೆಯಾಗಲಿ ಲೋಳೆಯಾಗಲಿ ಬೇಕಾದಷ್ಟು ಇರುವುದಿಲ್ಲ. ಕೆನ್ನೆ ತೋಯುತ್ತದೆ, ಕಣ್ಣು ತೋಯುವುದಿಲ್ಲ.

ಮನೆಯಲ್ಲೇ ಕುಳಿತು ಕೆಲವು ಸುಳಿವು ಹಿಡಿಯಬಹುದು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಹದಗೆಟ್ಟರೆ ನೀರಿನ ಕೊರತೆ ಅಥವಾ ದಿನವಿಡೀ ಪರದೆ ನೋಡಿದ ಆಯಾಸದ ಕಡೆಗೆ ಬೆರಳು. ಏಳುವಾಗಲೇ ಉರಿ, ರೆಪ್ಪೆ ಅಂಟಿಕೊಂಡ ಭಾವ ಇದ್ದರೆ ರೆಪ್ಪೆಯಂಚಿನ ತೊಂದರೆ, ಇಲ್ಲವೇ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದಿರುವುದು. ಉಜ್ಜಿಕೊಳ್ಳಬೇಕೆನಿಸುವಷ್ಟು ತುರಿಕೆ ಮುಂದಿದ್ದರೆ ಅಲರ್ಜಿಯನ್ನು ಮೊದಲು ಶಂಕಿಸಬೇಕು. ಕಣ್ಣಿನ ಜೊತೆಗೆ ಬಾಯಿಯೂ ಒಣಗಿ ಕೀಲುಗಳು ನೋಯುತ್ತಿದ್ದರೆ ಅದು ಶೋಗ್ರೆನ್ ಸಿಂಡ್ರೋಮ್ ಇರಬಹುದು. ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರವಾಗಿ ದಾಖಲಿಸಿದ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಗಳ ಮೇಲೆ ಬೀಳುವ ಈ ಕಾಯಿಲೆಯಲ್ಲಿ ಹನಿ ಆರಿಸುತ್ತಾ ಕೂರುವುದು ಕಾಲಹರಣ, ರಕ್ತಪರೀಕ್ಷೆ ಬೇಕು.

ಔಷಧಗಳ ಪಟ್ಟಿಯನ್ನೂ ತೆರೆದು ನೋಡಿ. ನೆಗಡಿ-ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಔಷಧಗಳು, ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್, ಗ್ಲಾಕೋಮಾಕ್ಕೆ (ದೃಷ್ಟಿನರ ಸವೆಯುವ ಕಾಯಿಲೆ) ವರ್ಷಗಟ್ಟಲೆ ಹಾಕುವ ಹನಿ, ಇವೆಲ್ಲ ಕಣ್ಣನ್ನು ಒಣಗಿಸಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ.

ಪರೀಕ್ಷೆಗಳಲ್ಲಿ ಯಾವುದು ಏನು ಹೇಳುತ್ತದೆ

ಫ್ಲೋರೆಸಿನ್ ಬಣ್ಣ ಅಂಟಿಸಿದ ಕಾಗದದ ತುದಿಯನ್ನು ಕೆಳರೆಪ್ಪೆಯ ಒಳಗೆ ಮುಟ್ಟಿಸುತ್ತಾರೆ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಉಪಕರಣದ ನೀಲಿ ಬೆಳಕಿನಲ್ಲಿ ಕಣ್ಣೀರು ಹಸಿರಾಗಿ ಹೊಳೆಯುತ್ತದೆ. ಒಮ್ಮೆ ರೆಪ್ಪೆ ಬಡಿದು ಹಾಗೇ ತೆರೆದಿಟ್ಟುಕೊಳ್ಳಿ ಎನ್ನುತ್ತಾರೆ, ಸೆಕೆಂಡುಗಳ ಎಣಿಕೆ ಶುರು. ಹಸಿರು ಹಾಸಿನ ನಡುವೆ ಎಲ್ಲೋ ಒಂದು ಕಪ್ಪು ಚುಕ್ಕೆ ಮೂಡುತ್ತದೆ, ಅಲ್ಲಿ ಪದರ ಒಡೆದಿದೆ, ಎಣಿಕೆ ನಿಲ್ಲುತ್ತದೆ. 10 ಸೆಕೆಂಡಿನೊಳಗೆ ಒಡೆದರೆ ಕಣ್ಣೀರಿನ ಪದರ ಅಸ್ಥಿರ ಎಂದು ಲೆಕ್ಕ. ಇದೇ ಬಣ್ಣ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲಿನ ಗಾಯಗಳನ್ನೂ ಚುಕ್ಕೆ ಚುಕ್ಕೆಯಾಗಿ ತೋರಿಸುತ್ತದೆ.

ಶಿರ್ಮರ್ ಪರೀಕ್ಷೆ ಇನ್ನೂ ಹಳೆಯದು, 1903ರದು. ಸೋಸುವ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ತೋಯ್ದರೆ ನೀರಿನ ಕೊರತೆ ಸ್ಪಷ್ಟ. ಕಾಗದ ತಗುಲಿಯೇ ಕಣ್ಣು ನೀರು ಸುರಿಸುವುದುಂಟು, ಆದ್ದರಿಂದ ಇದರ ಅಂಕಿ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಬಣ್ಣದ ಪರೀಕ್ಷೆ ಮುಗಿದ ಮೇಲೆ ಇದನ್ನು ಮಾಡುವುದು ಸರಿಯಾದ ಕ್ರಮ. ಕಣ್ಣೀರಿನ ಉಪ್ಪಿನಂಶ ಅಳೆಯುವ ಉಪಕರಣ, ಗ್ರಂಥಿಗಳ ಚಿತ್ರ ತೆಗೆಯುವ ಮೈಬೋಗ್ರಫಿ ಇವೂ ಇವೆ.

ನನ್ನನ್ನು ಕೇಳಿದರೆ, ಇವೆಲ್ಲಕ್ಕಿಂತ ಹೆಚ್ಚು ಹೇಳುವುದು ಯಂತ್ರವೇ ಬೇಡದ ಒಂದು ಪರೀಕ್ಷೆ. ವೈದ್ಯರು ಬೆರಳಿನಿಂದಲೋ ಹತ್ತಿ ಸುತ್ತಿದ ಕಡ್ಡಿಯಿಂದಲೋ ಕೆಳರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತುತ್ತಾರೆ. ಆರೋಗ್ಯವಾಗಿರುವ ಗ್ರಂಥಿಯಿಂದ ತಿಳಿಯಾದ ಎಣ್ಣೆ ಜಿನುಗುತ್ತದೆ. ಕೆಟ್ಟ ಗ್ರಂಥಿಯಿಂದ ಟೂತ್‌ಪೇಸ್ಟಿನಂಥ ಬಿಳಿ ಗಟ್ಟಿ ಎಳೆ ಹೊರಬರುತ್ತದೆ, ಅಥವಾ ಏನೂ ಬರುವುದಿಲ್ಲ. ಅರ್ಧ ನಿಮಿಷದ ಕೆಲಸ. ರೆಪ್ಪೆಯನ್ನು ಮುಟ್ಟಿಯೂ ನೋಡದೆ ಹನಿ ಬರೆದುಕೊಟ್ಟರೆ, ‘ಎಣ್ಣೆ ಗ್ರಂಥಿ ಹೇಗಿವೆ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೃತಕ ಕಣ್ಣೀರು: ಬಾಟಲಿಗಳ ನಡುವಿನ ನಿಜವಾದ ವ್ಯತ್ಯಾಸ

ಎಲ್ಲರ ಮೊದಲ ಹೆಜ್ಜೆ ಇದೇ, ಆಗಲಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹೈಪ್ರೊಮೆಲ್ಲೋಸ್, ಪಾಲಿಎಥಿಲಿನ್ ಗ್ಲೈಕಾಲ್, ಸೋಡಿಯಂ ಹಯಲುರೊನೇಟ್ ಹೀಗೆ ಹೆಸರುಗಳು ಬಾಯಿಗೆ ಹೊರಳುವುದಿಲ್ಲ. ನೆಮ್ಮದಿಯ ಸುದ್ದಿ ಏನೆಂದರೆ, ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಎಲ್ಲರಿಗೂ ಮೇಲು ಎಂದು ಖಚಿತವಾಗಿ ಸಾಬೀತಾಗಿಲ್ಲ. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2016ರ ಕೊಕ್ರೇನ್ ವಿಮರ್ಶೆಯೂ ಸ್ಪಷ್ಟ ವಿಜೇತನನ್ನು ಹೆಸರಿಸಲಾಗಲಿಲ್ಲ. ಆದ್ದರಿಂದ ಮೂಲವಸ್ತುವಿನ ಹೆಸರಿನ ಮೇಲೆ ತಲೆ ಕೆಡಿಸಿಕೊಳ್ಳುವ ಬದಲು ಮೂರು ಸಂಗತಿ ನೋಡಿದರೆ ಸಾಕು: ಎಷ್ಟು ಗಟ್ಟಿ, ಪ್ರಿಸರ್ವೇಟಿವ್ ಇದೆಯೇ, ಎಣ್ಣೆಯ ಅಂಶ ಇದೆಯೇ.

ತೆಳುವಾದ ಹನಿ ಹಾಕಿದೊಡನೆ ಹಿತ, ನೋಟ ಮಂಜಾಗುವುದಿಲ್ಲ, ಆದರೆ ಬೇಗ ಜಾರಿಹೋಗುತ್ತದೆ. ಕೆಲಸದ ನಡುವೆ, ವಾಹನ ಓಡಿಸುವ ಮುನ್ನ ಇದೇ ಅನುಕೂಲ. ಗಟ್ಟಿಯಾದ ಜೆಲ್ ಹೆಚ್ಚು ಹೊತ್ತು ನಿಲ್ಲುತ್ತದೆ, ಕೆಲವು ನಿಮಿಷ ಕಣ್ಣು ಮಂಜು. ಪೆಟ್ರೋಲಿಯಂ ಜೆಲ್ಲಿ ಆಧಾರದ ಮುಲಾಮು ಎಲ್ಲಕ್ಕಿಂತ ಹೆಚ್ಚು ನಿಲ್ಲುತ್ತದೆ, ಎಲ್ಲಕ್ಕಿಂತ ಹೆಚ್ಚು ಮಂಜು ಮಾಡುತ್ತದೆ; ಅದು ಮಲಗುವ ಹೊತ್ತಿಗೆ ಮಾತ್ರ. ನಿದ್ದೆಯಲ್ಲಿ ಕಣ್ಣು ಅರೆ ತೆರೆದಿರುವವರಿಗೆ ಮುಲಾಮಿನಷ್ಟು ಒದಗುವುದು ಬೇರೊಂದಿಲ್ಲ.

ಪ್ರಿಸರ್ವೇಟಿವ್ ವಿಷಯದಲ್ಲಿ ಉದಾಸೀನ ಸಲ್ಲದು. ಬಾಟಲಿ ತೆರೆದ ಮೇಲೆ ರೋಗಾಣು ಬೆಳೆಯದಿರಲೆಂದು ಸೇರಿಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಸ್ವತಃ ಕಾರ್ನಿಯಾದ ಮೇಲ್ಮೈಯನ್ನು ಕೆರಳಿಸುತ್ತದೆ, ಕಣ್ಣೀರಿನ ಪದರವನ್ನು ಒಡೆಯುತ್ತದೆ. ದಿನಕ್ಕೆ ಎರಡು ಮೂರು ಸಲ ಹಾಕುವವರಿಗೆ ಅದು ದೊಡ್ಡ ವಿಷಯವಾಗದಿರಬಹುದು. ನಾಲ್ಕಕ್ಕಿಂತ ಹೆಚ್ಚು ಸಲ ಹಾಕುವವರಿಗೆ, ಗ್ಲಾಕೋಮಾದ ಹನಿಯನ್ನೂ ಬಳಸುತ್ತಿರುವವರಿಗೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಪ್ರಿಸರ್ವೇಟಿವ್ ಇಲ್ಲದ್ದೇ ಬೇಕು. ನಡುವಿನ ದಾರಿಯೊಂದಿದೆ: ಸೋಡಿಯಂ ಪರ್ಬೋರೇಟ್, ಸ್ಟೆಬಿಲೈಸ್ಡ್ ಆಕ್ಸಿಕ್ಲೋರೋ ಕಾಂಪ್ಲೆಕ್ಸ್ ಮುಂತಾದವು ಕಣ್ಣಿಗೆ ಬಿದ್ದ ಮೇಲೆ ನಿರಪಾಯ ಅಂಶಗಳಾಗಿ ಒಡೆದುಹೋಗುವ ಸೌಮ್ಯ ಪ್ರಿಸರ್ವೇಟಿವ್‌ಗಳು.

ಪ್ರಿಸರ್ವೇಟಿವ್ ಇಲ್ಲದ ಹನಿ ಎರಡು ರೂಪದಲ್ಲಿ ಸಿಗುತ್ತದೆ. ಒಂದು ಸಲಕ್ಕೆ ಮುರಿದು ಬಳಸುವ ಪುಟ್ಟ ಪ್ಲಾಸ್ಟಿಕ್ ಕೊಳವೆ ಒಂದು. ಗಾಳಿ, ಸೂಕ್ಷ್ಮಾಣು ಹಿಂದಕ್ಕೆ ಹೋಗದಂತೆ ಕವಾಟ ಅಥವಾ ಸೋಸುಕ ಇರುವ ಬಾಟಲಿ ಇನ್ನೊಂದು. ಕೊಳವೆ ಸ್ವಚ್ಛ, ಆದರೆ ಉಳಿದದ್ದನ್ನು ಉಳಿತಾಯ ಮಾಡಹೋಗಿ ದಿನಗಟ್ಟಲೆ ಇಟ್ಟುಕೊಂಡರೆ ಉದ್ದೇಶವೇ ಹಾಳು. ಬಾಟಲಿ ಅನುಕೂಲ, ಆದರೆ ಕೈಬೆರಳ ಗಂಟುಗಳಲ್ಲಿ ಸಂಧಿವಾತ ಇರುವವರಿಗೆ ಒತ್ತುವುದೇ ಪರದಾಟ, ಅಂಥವರಿಗೆ ಇದನ್ನು ಸೂಚಿಸುವ ಮುನ್ನ ಒಮ್ಮೆ ಒತ್ತಿಸಿ ನೋಡಬೇಕು. 2023ರಲ್ಲಿ ಅಮೆರಿಕದಲ್ಲಿ ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಬಾಟಲಿಗಳ ಮೂಲಕ ಔಷಧಕ್ಕೆ ಬಗ್ಗದ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಹರಡಿ ಹಲವರು ದೃಷ್ಟಿ ಕಳೆದುಕೊಂಡರು, ಸಾವುಗಳೂ ಸಂಭವಿಸಿದವು. ಹನಿಯ ಶುಚಿ ಎಷ್ಟು ಮುಖ್ಯ ಎಂಬುದನ್ನು ಇದು ನೆನಪಿಸುತ್ತದೆ; ತುದಿಯನ್ನು ರೆಪ್ಪೆಗೆ ತಾಗಿಸಬಾರದು, ದಿನಾಂಕ ಮೀರಿದ್ದನ್ನು ಎಸೆಯಬೇಕು ಎಂಬ ಹಳೆಯ ಉಪದೇಶಗಳನ್ನೂ ಮರೆಯಬಾರದು.

ಎಣ್ಣೆಯ ಕೊರತೆ ಇರುವವರು ಮಿನರಲ್ ಎಣ್ಣೆ ಅಥವಾ ಹರಳೆಣ್ಣೆಯನ್ನು ಅತಿ ಸಣ್ಣ ಕಣಗಳಾಗಿ ಬೆರೆಸಿದ, ಹಾಲಿನ ಬಣ್ಣದ ಹನಿಗಳನ್ನು ನೋಡಬಹುದು. ಇದು ಔಷಧ ತಯಾರಿಕೆಗೆಂದೇ ಶುದ್ಧಗೊಳಿಸಿದ ಎಣ್ಣೆ. ಮನೆಯ ಸೀಸೆಯಲ್ಲಿರುವುದನ್ನು ಕಣ್ಣಿಗೆ ಬಿಟ್ಟುಕೊಳ್ಳುವ ಸಾಹಸ ಬೇಡ.

ಒಂದು ಬಗೆಯ ಹನಿಯನ್ನು ಈ ಹೋಲಿಕೆಯಿಂದಲೇ ಹೊರಗಿಡುತ್ತೇನೆ. ಕಣ್ಣಿನ ಕೆಂಪು ಥಟ್ಟನೆ ಇಳಿಸುವುದಾಗಿ ಹೇಳುವ, ನಾಫಾಜೋಲಿನ್ ಅಥವಾ ಟೆಟ್ರಾಹೈಡ್ರೋಜೋಲಿನ್ ಇರುವ ಹನಿಗಳು ರಕ್ತನಾಳಗಳನ್ನು ಕುಗ್ಗಿಸುತ್ತವೆ ಅಷ್ಟೆ. ಪ್ರಭಾವ ಇಳಿದಾಗ ಕೆಂಪು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ, ಮತ್ತೆ ಹಾಕಬೇಕಾಗುತ್ತದೆ. ಒಣಗಣ್ಣಿಗೆ ಇವು ಚಿಕಿತ್ಸೆಯಲ್ಲ.

ಬಿಸಿ ಶಾಖ: ಸರಳ ಉಪಾಯ, ಅಪರೂಪಕ್ಕೆ ಸರಿಯಾಗಿ ಆಗುವಂಥದ್ದು

ಗ್ರಂಥಿಯಲ್ಲಿ ಗಟ್ಟಿಯಾದ ಎಣ್ಣೆಯನ್ನು ಕರಗಿಸಿ ಹೊರತರುವುದಕ್ಕೆ ಶಾಖ ಬೇಕು. ರೆಪ್ಪೆಯ ಒಳಭಾಗ ಸುಮಾರು 40 ಡಿಗ್ರಿ ಸೆಲ್ಸಿಯಸ್ ತಲುಪಬೇಕು, ಅಲ್ಲಿ ಐದರಿಂದ ಹತ್ತು ನಿಮಿಷ ನಿಲ್ಲಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುಮಾರು ಎರಡು ನಿಮಿಷದಲ್ಲೇ ತಣ್ಣಗಾಗುತ್ತದೆ. ಶಾಖ ಕೊಟ್ಟೆ, ಏನೂ ಪ್ರಯೋಜನವಾಗಲಿಲ್ಲ ಎನ್ನುವವರ ಕಥೆ ಬಹುಮಟ್ಟಿಗೆ ಇಲ್ಲಿಯೇ ಇದೆ: ಅವರು ಕೊಟ್ಟದ್ದು ಎರಡು ನಿಮಿಷದ ಬಿಸಿ, ಎಂಟು ನಿಮಿಷದ ತಂಪು.

ಬಟ್ಟೆಯೇ ಸಾಕೆನ್ನುವವರು ಎರಡು ಬಟ್ಟೆ ಇಟ್ಟುಕೊಂಡು ಎರಡು ನಿಮಿಷಕ್ಕೊಮ್ಮೆ ಬದಲಾಯಿಸುತ್ತಿರಬೇಕು. ಕಾಯಿಸಿ ಕಣ್ಣಿನ ಮೇಲಿಡುವ ಮಣಿ ತುಂಬಿದ ಪಟ್ಟಿಗಳು ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತವೆ. ಈ ಎರಡರಲ್ಲಿ ನನ್ನ ಮತ ಪಟ್ಟಿಗೆ, ಅದು ಹೆಚ್ಚು ಉತ್ತಮ ಎಂಬುದಕ್ಕಿಂತ ಅದನ್ನು ತಿಂಗಳುಗಟ್ಟಲೆ ಮಾಡಲು ಬೇಸರವಾಗುವುದಿಲ್ಲ ಎಂಬ ಕಾರಣಕ್ಕೆ. ಮೈಕ್ರೋವೇವ್‌ನಿಂದ ತೆಗೆದದ್ದನ್ನು ಮೊದಲು ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ, ರೆಪ್ಪೆಯ ಚರ್ಮ ತೀರ ತೆಳುವು. ಶಾಖ ಮುಗಿದೊಡನೆ, ಬಿಸಿ ಆರುವ ಮೊದಲೇ, ಶುಚಿಯಾದ ಬೆರಳಿನಿಂದ ಮೇಲ್ರೆಪ್ಪೆಯನ್ನು ಕೆಳಕ್ಕೂ ಕೆಳರೆಪ್ಪೆಯನ್ನು ಮೇಲಕ್ಕೂ, ಅಂದರೆ ಕೂದಲಿನ ಕಡೆಗೆ, ಮೆಲ್ಲಗೆ ಸವರಬೇಕು. ಕಣ್ಣುಗುಡ್ಡೆಯ ಮೇಲೆ ಒತ್ತಡ ಹಾಕಬಾರದು. ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚಾಚುವ ಕಾಯಿಲೆ) ಇರುವವರು ಉಜ್ಜುವುದನ್ನು ಬಿಟ್ಟುಬಿಡುವುದೇ ಒಳಿತು.

ರೆಪ್ಪೆಗೂದಲಿನ ಬುಡದಲ್ಲಿ ಹೊಟ್ಟಿನಂತೆ ಕಾಣುವುದಿದ್ದರೆ ಶುಚಿ ಮಾಡುವುದನ್ನೂ ಸೇರಿಸಿಕೊಳ್ಳಬೇಕು. ಕೂದಲಿನ ಬುಡಕ್ಕೆ ಕೊಳವೆಯಂತೆ ಸುತ್ತಿಕೊಂಡ ಹೊಟ್ಟು ಡೆಮೊಡೆಕ್ಸ್ ಎಂಬ ಸೂಕ್ಷ್ಮ ಹುಳದ ಗುರುತು. ಅದಕ್ಕೆ ಟೀ ಟ್ರೀ ಎಣ್ಣೆಯ ಅಂಶವಿರುವ ಒರೆಸುವ ಬಟ್ಟೆಗಳಿವೆ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಲೊಟಿಲಾನರ್ ಹನಿಯೂ ಇದೆ. ಟೀ ಟ್ರೀ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಕಣ್ಣು ಸುಟ್ಟಂತಾದೀತು.

ಔಷಧದ ಹನಿಗಳು: ತಾಳ್ಮೆಯ ಲೆಕ್ಕಾಚಾರ

ಕೃತಕ ಕಣ್ಣೀರು, ಶಾಖ ಇವುಗಳಿಂದ ಹತೋಟಿಗೆ ಬರದಿದ್ದರೆ ಉರಿಯೂತವನ್ನೇ ಇಳಿಸುವ ಔಷಧಗಳ ಸರದಿ. ಇವು ವೈದ್ಯರು ಬರೆದುಕೊಡುವಂಥವು.

ಸೈಕ್ಲೋಸ್ಪೋರಿನ್ ಮೊದಲು ಹೆಸರಾದದ್ದು ಅಂಗಾಂಗ ಕಸಿಯಲ್ಲಿ, ಶೇ 0.05ರ ಕಣ್ಣಿನ ಹನಿಯಾಗಿ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಪಡೆಯಿತು. ದಿನಕ್ಕೆ ಎರಡು ಸಲ. ಹಾಕಿದಾಗ ಉರಿಯುತ್ತದೆ, ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಮೂರು ವಾರಕ್ಕೆ ‘ಉರಿ ಬಿಟ್ಟರೆ ಬೇರೇನೂ ಸಿಗಲಿಲ್ಲ’ ಎಂದು ಬಿಟ್ಟವರು ಚಿಕಿತ್ಸೆಯನ್ನು ಪ್ರಯತ್ನಿಸಿಯೇ ಇಲ್ಲ ಎನ್ನಬೇಕು. ನಿರೀಕ್ಷೆಯೂ ಹದದಲ್ಲಿರಲಿ. ಒಪ್ಪಿಗೆಗೆ ಆಧಾರವಾದ ಪ್ರಯೋಗಗಳಲ್ಲಿ ಆರು ತಿಂಗಳಿಗೆ ಶಿರ್ಮರ್ ಅಳತೆ 10 ಮಿ.ಮೀ.ನಷ್ಟು ಏರಿದ್ದು ಔಷಧ ಪಡೆದವರಲ್ಲಿ ಸುಮಾರು ಶೇ 15 ಮಂದಿಗೆ, ಔಷಧವಿಲ್ಲದ ದ್ರಾವಣ ಪಡೆದವರಲ್ಲಿ ಶೇ 5 ಮಂದಿಗೆ. ಒದಗಿದವರಿಗೆ ಚೆನ್ನಾಗಿ ಒದಗುತ್ತದೆ, ಎಲ್ಲರಿಗೂ ಒದಗುವುದಿಲ್ಲ.

ಲಿಫಿಟೆಗ್ರಾಸ್ಟ್ ಶೇ 5, ಒಪ್ಪಿಗೆ 2016ರಲ್ಲಿ. ಇದೂ ದಿನಕ್ಕೆರಡು ಸಲ, ಇದೂ ಉರಿಯೂತದ ಕೋಶಗಳನ್ನೇ ತಡೆಯುತ್ತದೆ, ಆದರೆ ಕೆಲವೇ ವಾರಗಳಲ್ಲಿ ಹಿತ ಕಾಣತೊಡಗುವುದುಂಟು. ಬೆಲೆಯಾಗಿ ಬಾಯಲ್ಲೊಂದು ವಿಚಿತ್ರ ರುಚಿ. ಹನಿ ಮೂಗಿನ ಮೂಲಕ ಗಂಟಲಿಗೆ ಇಳಿಯುವುದರಿಂದ ಹೀಗೆ. ಕಾಯಲಾರದವರಿಗೆ ಇದು, ರುಚಿ ಕೆಡುವುದನ್ನು ಸಹಿಸದವರಿಗೆ ಅದು ಎಂದು ಹೇಳಿದರೆ ತೀರ ಸರಳವಾದೀತು, ಆದರೂ ವೈದ್ಯರ ಮುಂದೆ ಕುಳಿತಾಗ ಮಾತು ಶುರುಮಾಡಲು ಅಷ್ಟು ಸಾಕು.

ಸ್ಟೀರಾಯ್ಡ್ ಹನಿ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ, ಅಪಾಯವೂ ಅಲ್ಲೇ ಇದೆ. ಕಣ್ಣೊಳಗಿನ ಒತ್ತಡ ಏರಿ ಗ್ಲಾಕೋಮಾ, ಮುಂದೆ ಕಣ್ಣಿನ ಪೊರೆ ಬರಬಹುದು. ಲೊಟೆಪ್ರೆಡ್‌ನಾಲ್‌ನಂಥ ಸೌಮ್ಯ ಸ್ಟೀರಾಯ್ಡನ್ನು ಹೆಚ್ಚೆಂದರೆ ಎರಡು ವಾರ, ತೊಂದರೆ ಉಲ್ಬಣಿಸಿದಾಗ ಅಥವಾ ಸೈಕ್ಲೋಸ್ಪೋರಿನ್ ಫಲ ಕೊಡಲು ಶುರುಮಾಡುವವರೆಗಿನ ಸೇತುವೆಯಾಗಿ ಬಳಸುವುದು ಜಾಣತನ. ಹಳೆಯ ಚೀಟಿ ತೋರಿಸಿ ತಾವೇ ಮತ್ತೆ ಮತ್ತೆ ಕೊಂಡು ಹಾಕಿಕೊಳ್ಳುವವರಿಗೆ ಕಣ್ಣು ಹಿತವಾಗಿಯೇ ಇರುತ್ತದೆ, ದೃಷ್ಟಿನರ ಸದ್ದಿಲ್ಲದೆ ಸವೆಯುತ್ತಿರುತ್ತದೆ.

ಇತ್ತೀಚಿನವುಗಳಲ್ಲಿ ಎರಡನ್ನು ಹೇಳಬೇಕು. ವರೆನಿಕ್ಲಿನ್ ಮೂಗಿನ ಸ್ಪ್ರೇ, 2021ರದು, ಮೂಗಿನ ನರವನ್ನು ಕೆಣಕಿ ಕಣ್ಣೀರು ಬರಿಸುತ್ತದೆ. ಕಣ್ಣಿಗೆ ಹನಿ ಹಾಕಿಕೊಳ್ಳಲಾಗದವರಿಗೆ ಅನುಕೂಲ. ಪ್ರಯೋಗಗಳಲ್ಲಿ ಐವರಲ್ಲಿ ನಾಲ್ವರು ಸೀನಿದರು. ಪರ್‌ಫ್ಲೂರೋಹೆಕ್ಸಿಲ್ ಆಕ್ಟೇನ್, 2023ರದು, ನೀರೂ ಇಲ್ಲದ ಪ್ರಿಸರ್ವೇಟಿವ್ ಕೂಡ ಇಲ್ಲದ ದ್ರವ. ಕಣ್ಣೀರಿನ ಮೇಲೆ ಹರಡಿ ಆವಿಯಾಗುವುದನ್ನು ತಡೆಯುತ್ತದೆ, ಎಣ್ಣೆಯ ಕೊರತೆ ಇರುವವರಿಗೆಂದೇ ಬಂದದ್ದು. ಲೋಳೆ ಮತ್ತು ನೀರು ಎರಡನ್ನೂ ಹೆಚ್ಚಿಸುವ ಡೈಕ್ವಾಫೊಸಾಲ್ ಜಪಾನಿನಲ್ಲಿ 2010ರಿಂದ ಬಳಕೆಯಲ್ಲಿದೆ. ಇವೆಲ್ಲ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ.

ಮುಖದ ಮೇಲೆ ರೊಸೇಸಿಯ (ಕೆನ್ನೆ, ಮೂಗು ಕೆಂಪಾಗುವ ಚರ್ಮದ ತೊಂದರೆ) ಇದ್ದು ರೆಪ್ಪೆಯಂಚು ಸದಾ ಕೆಂಪಾಗಿರುವವರಿಗೆ ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೋಮೈಸಿನ್ ಮಾತ್ರೆ ಕೊಡುವುದುಂಟು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಆಗದು.

ಪ್ಲಗ್, ಯಂತ್ರ, ಮತ್ತಿತರ

ರೆಪ್ಪೆಗಳ ಒಳಮೂಲೆಯಲ್ಲಿ ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ರಂಧ್ರಗಳಿವೆ, ಎರಡೂ ಕಣ್ಣಿಗೆ ಸೇರಿ ನಾಲ್ಕು. ಅವನ್ನು ಪುಟ್ಟ ಪ್ಲಗ್‌ನಿಂದ ಮುಚ್ಚಿದರೆ ಇರುವ ಕಣ್ಣೀರು ಕಣ್ಣಲ್ಲೇ ಉಳಿಯುತ್ತದೆ. ಕೆಲವೇ ದಿನಗಳಲ್ಲಿ ಕರಗುವ ಕೊಲಾಜನ್ ಪ್ಲಗ್ ಹಾಕಿ ಮೊದಲು ಪರೀಕ್ಷಿಸಿ, ಹಿತವೆನಿಸಿದರೆ ಸಿಲಿಕೋನ್ ಪ್ಲಗ್ ಕೂರಿಸುತ್ತಾರೆ, ಬೇಡವಾದರೆ ತೆಗೆಯಬಹುದು. ನೀರಿನ ಕೊರತೆ ಇರುವವರಿಗೆ ಇದು ಒಳ್ಳೆಯ ಆಯ್ಕೆ. ಉರಿಯೂತ ಜೋರಾಗಿದ್ದಾಗ ಹಾಕಿದರೆ ಕೆರಳಿಸುವ ಅಂಶಗಳೇ ತುಂಬಿದ ಕಣ್ಣೀರನ್ನು ಕೂಡಿಹಾಕಿದಂತೆ, ಹಾಗಾಗಿ ಅದನ್ನು ಮೊದಲು ಇಳಿಸಿಕೊಳ್ಳಬೇಕು. ಕೆಲವರಿಗೆ ಪ್ಲಗ್ ಹಾಕಿದ ಮೇಲೆ ನೀರು ತುಳುಕುತ್ತದೆ, ಕೆಲವರದು ತಾನಾಗಿಯೇ ಬಿದ್ದುಹೋಗುತ್ತದೆ.

ಎಣ್ಣೆಯ ಕೊರತೆಗೆ ಯಂತ್ರಗಳಿವೆ. ಥರ್ಮಲ್ ಪಲ್ಸೇಶನ್ ಯಂತ್ರ ರೆಪ್ಪೆಯ ಒಳಬದಿಯಿಂದ ಸುಮಾರು 42.5 ಡಿಗ್ರಿ ಶಾಖ ಕೊಡುತ್ತಾ ಹೊರಬದಿಯಿಂದ ಹಿಂಡುತ್ತದೆ, 12 ನಿಮಿಷದ ಕೆಲಸ. ಮನೆಯ ಶಾಖ ಹೊರಗಿನಿಂದ ಒಳಗೆ ತಲುಪಬೇಕು, ಇದು ನೇರ ಗ್ರಂಥಿಯ ಬಳಿಯೇ. ತೀವ್ರ ಬೆಳಕಿನ ಮಿಡಿತ ಕೊಡುವ ಐಪಿಎಲ್ ಚಿಕಿತ್ಸೆ ಕೆಳರೆಪ್ಪೆಯ ಕೆಳಗಿನ ಚರ್ಮದ ಮೇಲೆ, ವಾರಗಳ ಅಂತರದಲ್ಲಿ ಮೂರು ನಾಲ್ಕು ಸಲ. ರೊಸೇಸಿಯ ಇರುವವರಿಗೆ ಹೆಚ್ಚು ಹೊಂದುತ್ತದೆ. ಚರ್ಮದ ಬಣ್ಣ ಗಾಢವಾದಷ್ಟೂ ಐಪಿಎಲ್ ಬೆಳಕನ್ನು ಚರ್ಮವೇ ಹೀರಿಕೊಂಡು ಸುಡುವ, ಕಲೆ ಬೀಳುವ ಅಪಾಯ ಹೆಚ್ಚು. ಕಂದು, ಕಪ್ಪು ಮೈಬಣ್ಣದವರು ಇದನ್ನು ಕೇಳದೆ ಮುಂದುವರಿಯಬಾರದು, ಜಾಹೀರಾತಿನಲ್ಲಿ ಇದು ಸಣ್ಣ ಅಕ್ಷರದಲ್ಲಿಯೂ ಇರುವುದಿಲ್ಲ. ಎರಡೂ ಯಂತ್ರಗಳಿಗೆ ಒಂದೇ ಮಿತಿ: ಮುಚ್ಚಿಕೊಂಡ ಗ್ರಂಥಿಯನ್ನು ತೆರೆಯಬಲ್ಲವು, ನಶಿಸಿಹೋದ ಗ್ರಂಥಿಯನ್ನು ಮರಳಿ ಬೆಳೆಸುತ್ತವೆ ಎಂದು ನಂಬಿ ಹೋಗಬಾರದು. ಯಂತ್ರದ ಮಾತು ಬಂದಾಗ ಮೈಬೋಗ್ರಫಿ ಚಿತ್ರ ಕೇಳುವುದು ಇದಕ್ಕೇ.

ಒಮೆಗಾ-3 ಮಾತ್ರೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2018ರಲ್ಲಿ ಪ್ರಕಟವಾದ ‘ಡ್ರೀಮ್’ ಅಧ್ಯಯನದಲ್ಲಿ 535 ಜನರಿಗೆ ಒಂದು ವರ್ಷ ದಿನಕ್ಕೆ 3000 ಮಿ.ಗ್ರಾಂ. ಮೀನೆಣ್ಣೆಯ ಒಮೆಗಾ-3 ಅಥವಾ ಆಲಿವ್ ಎಣ್ಣೆ ಕೊಟ್ಟು ನೋಡಿದರು. ಎರಡೂ ಗುಂಪಿನವರು ಸುಧಾರಿಸಿದರು, ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ತೀವ್ರ ಸ್ಥಿತಿಯವರಿಗೆ ಇನ್ನೆರಡು ದಾರಿ. ರೋಗಿಯ ರಕ್ತದಿಂದಲೇ ಸೀರಮ್ ಬೇರ್ಪಡಿಸಿ, ಹಲವು ವೇಳೆ ಶೇ 20ಕ್ಕೆ ತೆಳುಗೊಳಿಸಿ ಮಾಡುವ ಹನಿಯಲ್ಲಿ ಗಾಯ ಮಾಗಿಸುವ ಅಂಶಗಳಿವೆ. ಶೈತ್ಯದಲ್ಲೇ ಇಡಬೇಕು, ಕೆಟ್ಟರೆ ಸೋಂಕು. ಸ್ಕ್ಲೀರಲ್ ಲೆನ್ಸ್ ಕಾರ್ನಿಯಾವನ್ನು ಮುಟ್ಟದೆ ಕಣ್ಣಿನ ಬಿಳಿಭಾಗದ ಮೇಲೆ ಕೂತು, ನಡುವೆ ತುಂಬಿದ ಲವಣದ್ರಾವಣದಿಂದ ಕಾರ್ನಿಯಾವನ್ನು ದಿನವಿಡೀ ತೇವವಾಗಿಡುತ್ತದೆ. ಹಾಕಿ ತೆಗೆಯುವುದನ್ನು ಕಲಿಯಬೇಕು, ಕಲಿತವರು ಬಿಡುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ದಿನವಿಡೀ ಪರದೆಯ ಮುಂದೆ ಕೂರುವ, ಸಂಜೆಗಷ್ಟೇ ಉರಿ ಕಾಣುವ ಕಿರಿಯರು ಔಷಧದಿಂದ ಶುರುಮಾಡಬೇಕಾಗಿಲ್ಲ. ಸಾಮಾನ್ಯವಾಗಿ ನಿಮಿಷಕ್ಕೆ 15ರ ಆಸುಪಾಸಿನಲ್ಲಿರುವ ರೆಪ್ಪೆ ಬಡಿತ ಪರದೆ ನೋಡುವಾಗ ಅರ್ಧಕ್ಕೂ ಇಳಿಯುತ್ತದೆ. ಬಡಿದದ್ದೂ ಅರೆಬರೆ, ಮೇಲ್ರೆಪ್ಪೆ ಕೆಳರೆಪ್ಪೆಯನ್ನು ಮುಟ್ಟದೆ ಹಿಂದಿರುಗುತ್ತದೆ, ಎಣ್ಣೆ ಹಿಂಡಿ ಬರುವುದೇ ಇಲ್ಲ. ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಡಿ, ಫ್ಯಾನ್ ಅಥವಾ ಎಸಿಯ ಗಾಳಿ ನೇರ ಮುಖಕ್ಕೆ ಬಡಿಯದಂತೆ ಕುರ್ಚಿ ತಿರುಗಿಸಿ, 20 ನಿಮಿಷಕ್ಕೊಮ್ಮೆ ದೂರ ನೋಡುತ್ತಾ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಿರಿ. ಜೊತೆಗೆ ತೆಳುವಾದ ಹನಿ. ಎರಡು ಮೂರು ವಾರಕ್ಕೂ ಬದಲಾಗದಿದ್ದರೆ ರೆಪ್ಪೆ ಪರೀಕ್ಷೆಗೆ ಹೋಗಿ.

ನಡುವಯಸ್ಸಿನ, ಬೆಳಿಗ್ಗೆ ಉರಿಯೊಂದಿಗೆ ಏಳುವ, ರೆಪ್ಪೆಯಂಚು ದಪ್ಪ ಕೆಂಪಾದವರಿಗೆ ಶಾಖವೇ ಮುಖ್ಯ ಚಿಕಿತ್ಸೆ, ಎಣ್ಣೆಯ ಅಂಶದ ಹನಿ ಪಕ್ಕವಾದ್ಯ. ದಿನಕ್ಕೆರಡು ಸಲ, ಕನಿಷ್ಠ ಒಂದು ತಿಂಗಳು ಸರಿಯಾಗಿ ಮಾಡಿದ ಮೇಲಷ್ಟೇ ಯಂತ್ರದ ಯೋಚನೆ. ಋತುಬಂಧದ ನಂತರ ತೊಂದರೆ ಕಾಣಿಸಿಕೊಂಡ ಹೆಂಗಸರಲ್ಲಿ ಎರಡೂ ಬಗೆಯ ಕೊರತೆ ಒಟ್ಟಿಗೆ ಇರುವುದು ಸಾಮಾನ್ಯ. ಅವರಿಗೆ ಒಂದೇ ಬಾಟಲಿಯಲ್ಲಿ ಪರಿಹಾರ ಹುಡುಕುವುದು ವ್ಯರ್ಥ. ಶಿರ್ಮರ್ ಅಳತೆ ತೀರ ಕಡಿಮೆ ಇರುವವರು ಪ್ರಿಸರ್ವೇಟಿವ್ ಇಲ್ಲದ ಹನಿ, ಸೈಕ್ಲೋಸ್ಪೋರಿನ್, ನಂತರ ಪ್ಲಗ್ ಎಂಬ ಕ್ರಮದಲ್ಲಿ ಹೋಗುವುದು ರೂಢಿ.

ಪರೀಕ್ಷೆಯಲ್ಲಿ ಕಣ್ಣು ಚೆನ್ನಾಗಿಯೇ ಕಂಡು, ನೋವು ಮಾತ್ರ ಸಹಿಸಲಾಗದಷ್ಟು ಇದ್ದರೆ ತೊಂದರೆ ಕಣ್ಣೀರಿನದಲ್ಲ, ನರದ್ದಿರಬಹುದು. ಕನ್ನಡಕ ಬೇಡವಾಗಿಸಲು ಮಾಡುವ ಲೇಸಿಕ್ ಶಸ್ತ್ರಚಿಕಿತ್ಸೆಯ ನಂತರ ಕೆಲವರಲ್ಲಿ ಹೀಗಾಗುತ್ತದೆ. ಅಲ್ಲಿ ಮೇಲಿನ ಯಾವ ಹೋಲಿಕೆಯೂ ಪ್ರಯೋಜನಕ್ಕೆ ಬಾರದು, ನರನೋವಿನ ಚಿಕಿತ್ಸೆಯೇ ಬೇರೆ. ಥಟ್ಟನೆ ಬಂದ ತೀವ್ರ ನೋವು, ಬೆಳಕು ನೋಡಲಾಗದಿರುವುದು, ರೆಪ್ಪೆ ಬಡಿದರೂ ತಿಳಿಯಾಗದ ಮಸುಕು, ಕೀವು, ಅದರಲ್ಲೂ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ, ಇವು ಅದೇ ದಿನ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು.

ಪೊರೆ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಿಗೆ ಒಂದು ಮಾತು. ಒಣಗಿದ ಕಾರ್ನಿಯಾದ ಮೇಲೆ ತೆಗೆದ ಅಳತೆ ತಪ್ಪಾಗಬಹುದು, ಆಗ ಕೂರಿಸುವ ಲೆನ್ಸಿನ ಪವರ್ ಕೂಡ ತಪ್ಪುತ್ತದೆ. ಒಣಗುವ ತೊಂದರೆ ಇರುವುದನ್ನು ಮೊದಲೇ ಹೇಳಿ, ಅಳತೆಗೆ ಮುನ್ನ ಅದನ್ನು ಹತೋಟಿಗೆ ತಂದುಕೊಳ್ಳಿ.

ಇನ್ನು ಒಂದಕ್ಕಿಂತ ಹೆಚ್ಚು ಬಾಟಲಿ ಕೈಗೆ ಬಂದವರು ಗೊಂದಲಪಡುವುದು ಕ್ರಮದ ಬಗ್ಗೆ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದೇ ಹನಿ ಬಿಡಿ. ಅಲ್ಲಿ ಹಿಡಿಸುವುದೇ ಸುಮಾರು ಒಂದು ಹನಿಯಷ್ಟು, ಎರಡನೆಯದು ಕೆನ್ನೆಗೆ. ಕಣ್ಣು ಮುಚ್ಚಿ ಒಳಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಎರಡು ಬೇರೆ ಹನಿಗಳ ನಡುವೆ ಐದು ನಿಮಿಷವಾದರೂ ಬಿಡಿ. ತೆಳುವಾದದ್ದು ಮೊದಲು, ಜೆಲ್ ಆಮೇಲೆ, ಮುಲಾಮು ಎಲ್ಲಕ್ಕಿಂತ ಕೊನೆಗೆ.